ಕೈ ತೊಳೆಯಿರಿ ಎನ್ನುವ ಮೊದಲು

ನೀರೇ ಇಲ್ಲದವರಿಗೆ ಕೈ ತೊಳೆಯಿರಿ ಎಂದು ಬೋಧಿಸುವುದು ಉಪಕಾರವೇ, ಅಪಹಾಸ್ಯವೇ? ಆರೋಗ್ಯ ಶಿಕ್ಷಣದ ಬಗ್ಗೆ ಮಾತನಾಡುವಾಗ ನಾವು ಸಾಮಾನ್ಯವಾಗಿ ಈ ಪ್ರಶ್ನೆ ಎತ್ತುವುದಿಲ್ಲ. ಶುಚಿತ್ವ, ಪೌಷ್ಟಿಕ ಆಹಾರ, ಲಸಿಕೆ ಇವುಗಳ ಮಹತ್ವವನ್ನು ತಿಳಿಸಿಕೊಟ್ಟರೆ ಜನರು ಆರೋಗ್ಯವಂತರಾಗುತ್ತಾರೆ, ಆಗದಿದ್ದರೆ ಅದು ಅವರದೇ ಅಸಡ್ಡೆ ಎಂದು ನಂಬಿದ್ದೇವೆ. ಈ ನಂಬಿಕೆ ಎಷ್ಟು ಟೊಳ್ಳು ಎಂಬುದನ್ನು ಫೆಲೆಸ್ತೀನ್ ತೋರಿಸಿಕೊಟ್ಟಿದೆ.

ಗಾಝಾದ ಅಂತರ್ಜಲದ ಶೇ. 95ಕ್ಕೂ ಹೆಚ್ಚು ಭಾಗ ಕುಡಿಯಲು ಯೋಗ್ಯವಲ್ಲ ಎಂದು 2023ರ ಯುದ್ಧಕ್ಕೆ ಮೊದಲೇ ವಿಶ್ವಸಂಸ್ಥೆ ಹೇಳಿತ್ತು. ಯುದ್ಧ ಆರಂಭವಾದ ಮೇಲೆ ಪಂಪುಗಳಿಗೆ ಇಂಧನ ಸಿಗಲಿಲ್ಲ, ಡೇರೆಗಳಲ್ಲಿ ಸಾಬೂನು ಸಿಗಲಿಲ್ಲ, ಚರಂಡಿ ನೀರು ಬೀದಿಯಲ್ಲೇ ಹರಿಯಿತು. ಆರಂಭದಿಂದ 2024ರ ಆಗಸ್ಟ್ ತನಕ ಸುಮಾರು 40 ಸಾವಿರ ಮಂದಿಗೆ ಹೆಪಟೈಟಿಸ್ ಎ ತಗಲಿತೆಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಉನ್ರ್ವಾ ತಿಳಿಸಿತು. ಯುದ್ಧಕ್ಕೆ ಹಿಂದಿನ ಅಷ್ಟೇ ಅವಧಿಯಲ್ಲಿ ಈ ಸಂಖ್ಯೆ ಕೇವಲ 85 ಆಗಿತ್ತು. ಹತ್ತು ತಿಂಗಳಲ್ಲಿ ಅಲ್ಲಿನ ತಾಯಂದಿರು ಶುಚಿತ್ವದ ಪಾಠವನ್ನು ಮರೆತುಬಿಟ್ಟರೇ? ತಾಯಂದಿರೂ ಅವರೇ, ಅವರ ತಿಳಿವಳಿಕೆಯೂ ಅದೇ. ಇಲ್ಲದಾದದ್ದು ನೀರು ಮತ್ತು ಸಾಬೂನು.

ಹಾಗಾದರೆ ಆಕ್ರಮಣ ಕೊನೆಗೊಳ್ಳುವವರೆಗೆ ಆರೋಗ್ಯದ ಪಾಠವೇ ಬೇಡವೇ? ಹಾಗೆ ಹೇಳುವವರೂ ಇದ್ದಾರೆ. ಆದರೆ ರೋಗವು ರಾಜಕೀಯ ಪರಿಹಾರಕ್ಕಾಗಿ ಕಾಯುವುದಿಲ್ಲ. ಇಂದು ರಾತ್ರಿ ಭೇದಿಯಿಂದ ಬಳಲುವ ಮಗುವಿಗೆ ಉಪ್ಪು-ಸಕ್ಕರೆಯ ನೀರು ಕುಡಿಸಬೇಕೆಂದು ತಾಯಿಗೆ ಇಂದೇ ಗೊತ್ತಿರಬೇಕು. ಮರ್ದಿತರನ್ನು ಬರೀ ಮರ್ದಿತರೆಂದೇ ಕಾಣುವುದು ಕೂಡಾ ಒಂದು ರೀತಿಯ ಅವಮಾನ.

ಈ ಎರಡು ತಪ್ಪುಗಳ ನಡುವೆ ಫೆಲೆಸ್ತೀನಿಯರೇ ಒಂದು ದಾರಿಯನ್ನು ಕಂಡುಕೊಂಡರು. 1979ರಲ್ಲಿ ಮುಸ್ತಫಾ ಬರ್ಗೂತಿ ಮತ್ತಿತರ ಯುವ ವೈದ್ಯರು ವೈದ್ಯಕೀಯ ಪರಿಹಾರ ಸಮಿತಿಗಳನ್ನು ಕಟ್ಟಿದರು. ರಜಾದಿನಗಳಲ್ಲಿ ಔಷಧಿ ಹೊತ್ತು ಪಶ್ಚಿಮ ದಂಡೆಯ ಹಳ್ಳಿಗಳಿಗೆ ಹೋದರು. ಆದರೆ ಬಂದು ಹೋಗುವ ವೈದ್ಯರಿಂದ ಊರಿನ ಆರೋಗ್ಯ ಸುಧಾರಿಸದೆಂದು ಬೇಗನೇ ಮನಗಂಡರು. ಎಂಬತ್ತರ ದಶಕದಲ್ಲಿ ಹಳ್ಳಿಯ ಯುವತಿಯರಿಗೇ ತರಬೇತಿ ನೀಡಿ ಅವರನ್ನು ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿದರು. 1987ರಲ್ಲಿ ಇಂತಿಫಾದ ಆರಂಭವಾಗಿ ಕರ್ಫ್ಯೂಗಳು ಬಿದ್ದಾಗ ಜನಸಾಮಾನ್ಯರಿಗೆ ಪ್ರಥಮ ಚಿಕಿತ್ಸೆಯನ್ನು ಕಲಿಸಿದರು.

ಇದರಲ್ಲಿರುವ ನೈತಿಕ ಪಾಠವನ್ನು ನಾವು ಗಮನಿಸಬೇಕು. ಹೊರಗಿನಿಂದ ಬಂದವರು 'ನೀರನ್ನು ಕುದಿಸಿ ಕುಡಿಯಿರಿ' ಎಂದು ಹೇಳಿ ಸುಲಭವಾಗಿ ಹೊರಟುಹೋಗಬಹುದು. ಆದರೆ ಅದೇ ಊರಿನ ಯುವತಿಗೆ ಅದು ಸಾಧ್ಯವಿಲ್ಲ. ಒಲೆಗೆ ಗ್ಯಾಸ್ ಇದೆಯೇ, ಟ್ಯಾಂಕರ್ ಬಂದಿದೆಯೇ ಎಂಬುದು ಅವಳಿಗೂ ಗೊತ್ತು. ಅವಳ ಮನೆಯವರು ಕುಡಿಯುವುದೂ ಅದೇ ನೀರು, ಅವಳನ್ನು ತಡೆಯುವುದೂ ಅದೇ ಚೆಕ್‌ಪೋಸ್ಟ್. ಆದ್ದರಿಂದ ಅವಳು ಆಜ್ಞಾಪಿಸುವ ಮೊದಲು ಕೇಳಬೇಕಾಗುತ್ತದೆ. ಮಾಡಲು ಸಾಧ್ಯವಿಲ್ಲದ್ದನ್ನು ಕರ್ತವ್ಯವೆಂದು ಹೇರುವುದು ಶಿಕ್ಷಣವಲ್ಲ, ಅದು ಆರೋಪ.

ಇನ್ನೊಂದು ಉದಾಹರಣೆ ನೋಡಿ. 2008ರಲ್ಲಿ ಜಪಾನಿನ ನೆರವಿನಿಂದ ಫೆಲೆಸ್ತೀನಿನಲ್ಲಿ ತಾಯಿ-ಮಗುವಿನ ಆರೋಗ್ಯ ಕೈಪಿಡಿ ಜಾರಿಗೆ ಬಂತು. ಗರ್ಭಧಾರಣೆಯ ವಿವರ, ಮಗುವಿನ ಬೆಳವಣಿಗೆ, ಲಸಿಕೆ ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ಆರೋಗ್ಯದ ಸಲಹೆಗಳೂ ಅದರಲ್ಲಿವೆ. ಪುಸ್ತಕ ತಾಯಿಯ ಬಳಿಯೇ ಇರುತ್ತದೆ. ದಾರಿ ಮುಚ್ಚಿ ಬೇರೆ ಕ್ಲಿನಿಕ್‌ಗೆ ಹೋಗಬೇಕಾಗಿ ಬಂದರೂ ಅಲ್ಲಿನ ವೈದ್ಯರು ಅದನ್ನು ಓದಿ ಚಿಕಿತ್ಸೆ ಮುಂದುವರಿಸಬಹುದು. ಇಲ್ಲಿ ತಾಯಿ ಉಪದೇಶ ಕೇಳುವವಳಷ್ಟೇ ಅಲ್ಲ, ಮಾಹಿತಿಯ ಒಡತಿ.

2024ರ ಆಗಸ್ಟ್‌ನಲ್ಲಿ, 25 ವರ್ಷಗಳ ಬಳಿಕ, ಗಾಝಾದಲ್ಲಿ ಹತ್ತು ತಿಂಗಳ ಮಗುವಿಗೆ ಪೋಲಿಯೊ ತಗಲಿರುವುದು ದೃಢಪಟ್ಟಿತು. ಸೆಪ್ಟೆಂಬರ್ 1ರಂದು ಲಸಿಕಾ ಅಭಿಯಾನ ಆರಂಭವಾಯಿತು. ಬಾಂಬ್ ದಾಳಿಗೆ ನೀಡಿದ್ದು ಕೆಲವು ತಾಸುಗಳ ವಿರಾಮ ಮಾತ್ರ. ಆದರೂ ಮೊದಲ ಸುತ್ತಿನಲ್ಲೇ ಹತ್ತು ವರ್ಷದೊಳಗಿನ ಸುಮಾರು 5 ಲಕ್ಷ 60 ಸಾವಿರ ಮಕ್ಕಳಿಗೆ ಲಸಿಕೆ ಹಾಕಲಾಯಿತು. ಅವಶೇಷಗಳ ನಡುವೆ ಮಕ್ಕಳನ್ನೆತ್ತಿಕೊಂಡು ಸಾಲು ನಿಂತ ತಾಯಂದಿರಿಗೆ ಲಸಿಕೆಯ ಬೆಲೆಯನ್ನು ಹೊಸದಾಗಿ ಕಲಿಸಬೇಕಾಗಿರಲಿಲ್ಲ. 2022ರಲ್ಲಿ ಫೆಲೆಸ್ತೀನಿನ ಪೋಲಿಯೊ ಲಸಿಕಾ ಪ್ರಮಾಣ ಶೇ. 99 ಆಗಿತ್ತು. ಅಂಥ ವಿಶ್ವಾಸವನ್ನು ಒಂದು ಭಿತ್ತಿಪತ್ರದಿಂದ ಗಳಿಸಲಾಗದು. ಉನ್ರ್ವಾ 1950ರಿಂದ ನಡೆಸಿಕೊಂಡು ಬಂದಂತಹ ಶಿಬಿರದ ಕ್ಲಿನಿಕ್‌ಗಳಿಗೂ, ಬಾಗಿಲು ಬಡಿಯುವ ಪರಿಚಿತ ಮುಖಗಳಿಗೂ ಅದರಲ್ಲಿ ಪಾಲಿದೆ.

ಆದರೆ ಈ ತಾಯಂದಿರನ್ನು ಕೊಂಡಾಡಿ ಸುಮ್ಮನಾಗುವುದು ಸಲ್ಲದು. ತಾಯಿ ತನ್ನ ಪಾಲಿನ ಕರ್ತವ್ಯವನ್ನು ನೆರವೇರಿಸಿದ್ದಾಳೆ. ನೀರನ್ನು ತಡೆದವರು, ತಡೆಯುವುದನ್ನು ನೋಡುತ್ತಾ ನಿಂತವರು ತಮ್ಮ ಕರ್ತವ್ಯವನ್ನು ನೆರವೇರಿಸಿದ್ದಾರೆಯೇ? ಕೈ ತೊಳೆಯಲು ಕಲಿಸುವ ಹಕ್ಕು ಇರುವುದು ನೀರಿಗಾಗಿಯೂ ದನಿ ಎತ್ತುವವರಿಗೆ. ಉಳಿದವರ ಆರೋಗ್ಯ ಬೋಧನೆ, ತಾವೇ ಕೈ ತೊಳೆದುಕೊಳ್ಳುವ ಒಂದು ವಿಧಾನವಷ್ಟೇ.