ಒಬ್ಬರಿಗೆ ನೋಟಿಸು, ಒಬ್ಬರಿಗೆ ಗೇಟು

ಕಾರ್ಖಾನೆಗೆ ಆರ್ಡರ್ ಕಡಿಮೆಯಾಗಿದೆ, ಆಳು ಇಳಿಸಬೇಕು ಎಂದಿಟ್ಟುಕೊಳ್ಳಿ. ಒಂದೇ ಯಂತ್ರದ ಎರಡು ಬದಿಗೆ ನಿಂತು ಎಂಟು ವರ್ಷ ದುಡಿದ ಇಬ್ಬರಿದ್ದಾರೆ. ಖಾಯಂ ನೌಕರನ ಕೈಗೆ ಕಾರಣ ಬರೆದ ಪತ್ರ ಬರುತ್ತದೆ, ಜೊತೆಗೆ ಪರಿಹಾರದ ಲೆಕ್ಕ. ಏಜೆನ್ಸಿಯಿಂದ ಬಂದವನಿಗೆ ಗೇಟಿನ ಸೆಕ್ಯುರಿಟಿ "ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ" ಎನ್ನುತ್ತಾನೆ. ಮನೆ ಬಾಡಿಗೆ, ಮಗುವಿನ ಫೀಸು, ತಾಯಿಯ ಮಾತ್ರೆ ಇಬ್ಬರಿಗೂ ಇವೆ. ಒಬ್ಬನ ನಷ್ಟ ದಾಖಲಾಗುತ್ತದೆ, ಇನ್ನೊಬ್ಬನದು ಲೆಕ್ಕಕ್ಕೇ ಬರುವುದಿಲ್ಲ. ಇದು ನ್ಯಾಯವೇ ಎಂದು ತೀರ್ಮಾನಿಸಲು, ಪರಿಹಾರ ಎಂಬುದು ಯಾತಕ್ಕಾಗಿ ಹುಟ್ಟಿತು ಎಂದು ಮೊದಲು ನೋಡಬೇಕು.

1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ 1953ರಲ್ಲಿ ಹೊಸ ಅಧ್ಯಾಯವೊಂದು ಸೇರಿತು. ಅದರ ಪ್ರಕಾರ, ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನನ್ನು ಹೆಚ್ಚುವರಿಯೆಂದು ತೆಗೆಯಬೇಕಾದರೆ ಒಂದು ತಿಂಗಳ ಲಿಖಿತ ನೋಟಿಸು ಕೊಡಬೇಕು, ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು. ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. ಸಾಮಾನ್ಯವಾಗಿ ಕೊನೆಗೆ ಸೇರಿದವರು ಮೊದಲು ಹೋಗಬೇಕು. ಮತ್ತೆ ಆಳು ಬೇಕಾದಾಗ ತೆಗೆದವರಿಗೇ ಮೊದಲ ಅವಕಾಶ ಸಿಗಬೇಕು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ನೋಟಿಸು ಮತ್ತು ಪರಿಹಾರದ ತತ್ವವನ್ನು ಉಳಿಸಿಕೊಂಡಿದೆ. ಇದು ಯಾರೋ ಕೊಟ್ಟ ದಾನವಲ್ಲ. ಮನುಷ್ಯ ತನ್ನ ಆಯುಷ್ಯದ ವರ್ಷಗಳನ್ನು ಒಂದು ಜಾಗಕ್ಕೆ ಕೊಟ್ಟಿದ್ದಾನೆ, ದೇಹ ಅಷ್ಟು ಸವೆದಿದೆ, ಮುಂದಿನ ಕೆಲಸ ಹುಡುಕಲು ಅವನಿಗೆ ಉಸಿರಾಡುವಷ್ಟು ಸಮಯ ಬೇಕು. ಈ ಮೂರು ಕಾರಣಗಳಲ್ಲಿ ಒಂದಾದರೂ ಗುತ್ತಿಗೆಯವನಿಗೆ ಅನ್ವಯಿಸುವುದಿಲ್ಲ ಎಂದು ಯಾರಾದರೂ ತೋರಿಸಬಲ್ಲರೇ?

ಆದರೂ ಅವನು ಹೊರಗುಳಿಯುವ ದಾರಿಗಳು ಹಲವು. 240 ದಿನ ತುಂಬುವ ಮೊದಲೇ 'ಬ್ರೇಕ್' ಕೊಟ್ಟು ಮತ್ತೆ ಹೊಸಬನಂತೆ ಸೇರಿಸಿಕೊಳ್ಳುವುದು ಹಳೆಯ ಉಪಾಯ. ಕರಾರಿನ ಅವಧಿ ಮುಗಿದು ನವೀಕರಿಸದಿದ್ದರೆ ಅದು ಉದ್ಯೋಗ ಕಡಿತವೇ ಅಲ್ಲ ಎಂಬ ಉಪಖಂಡ 1984ರಲ್ಲಿ ಕಾನೂನಿಗೇ ಸೇರಿತು. ಟೆಂಡರ್ ಬದಲಾದರೆ ಗುತ್ತಿಗೆದಾರ ಬದಲಾಗುತ್ತಾನೆ. ಅದೇ ಕೈ ಅದೇ ಪೊರಕೆ ಹಿಡಿದಿದ್ದರೂ ಸೇವಾವಧಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಸರ್ಕಾರ ಗುತ್ತಿಗೆ ಪದ್ಧತಿಯನ್ನು ನಿಷೇಧಿಸಿದ ಕೆಲಸದಲ್ಲೂ ಕಾರ್ಮಿಕರು ತಾವಾಗಿಯೇ ಮೂಲ ಸಂಸ್ಥೆಯ ನೌಕರರಾಗುವುದಿಲ್ಲ ಎಂದು 2001ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಖಾಯಂ ಸೌಲಭ್ಯ ತಪ್ಪಿಸಲೆಂದೇ ವರ್ಷಾನುಗಟ್ಟಲೆ ಹಂಗಾಮಿಯಾಗಿ ದುಡಿಸುವುದು ಅನುಚಿತ ಕಾರ್ಮಿಕ ಪದ್ಧತಿ ಎಂದು ಅದೇ 1947ರ ಕಾಯ್ದೆಯ ಐದನೇ ಅನುಸೂಚಿ ಹೆಸರಿಸಿತ್ತು ಎಂಬುದನ್ನು ಮಾತ್ರ ನಾವು ಮರೆತಿದ್ದೇವೆ.

ಗುತ್ತಿಗೆಯವರ ಪರವಾದ ಈ ವಾದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ನಮ್ಮ ರಾಜ್ಯದ ದಿನಗೂಲಿ ನೌಕರರ ಪ್ರಕರಣದಲ್ಲೇ, ಅಂದರೆ ಉಮಾದೇವಿ ಪ್ರಕರಣದಲ್ಲಿ, 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಸರ್ಕಾರಿ ಹುದ್ದೆ ಎಲ್ಲ ಪ್ರಜೆಗಳಿಗೂ ಸೇರಿದ್ದು. ಹಿಂಬಾಗಿಲಿನಿಂದ ಬಂದವರನ್ನು ಖಾಯಂ ಮಾಡಿದರೆ ಅರ್ಜಿ ಹಾಕಲು ಕಾದಿದ್ದ ನಿರುದ್ಯೋಗಿಗೆ ಅನ್ಯಾಯವಾಗುತ್ತದೆ. ಈ ವಾದದಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಇಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ. ಖಾಯಂ ಆಗುವ ಹಕ್ಕು ಒಂದು, ಮರ್ಯಾದೆಯಿಂದ ಬೀಳ್ಕೊಳ್ಳುವ ಹಕ್ಕು ಇನ್ನೊಂದು. ಮೊದಲನೆಯದನ್ನು ನಿರಾಕರಿಸಲು ಕಾರಣವಿರಬಹುದು. ಎರಡನೆಯದನ್ನು ನಿರಾಕರಿಸಲು ಯಾವ ಕಾರಣವಿದೆ? ಒಬ್ಬ ಮನುಷ್ಯನಿಗೆ ಹೇಳಿ ಕಳುಹಿಸಿದರೆ, ದುಡಿದ ವರ್ಷಗಳಿಗೆ ಪರಿಹಾರ ಕೊಟ್ಟರೆ ಯಾವ ನಿರುದ್ಯೋಗಿಗೂ ಅನ್ಯಾಯವಾಗುವುದಿಲ್ಲ.

ಕೇಂದ್ರ ಜಲ ಆಯೋಗದಲ್ಲಿ ಎರಡು ದಶಕದ ಆಸುಪಾಸು ಸ್ವಚ್ಛತೆಯಂಥ ಕೆಲಸ ಮಾಡಿದವರನ್ನು 2018ರಲ್ಲಿ ಬಾಯಿಮಾತಿನಲ್ಲೇ ತೆಗೆಯಲಾಯಿತು, ನೋಟಿಸಿರಲಿಲ್ಲ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅವರನ್ನು ಮರಳಿ ಸೇರಿಸಿಕೊಂಡು ಖಾಯಂ ಮಾಡಲು ಆದೇಶಿಸಿತು; ದೀರ್ಘಕಾಲ ದುಡಿದವರನ್ನು ವಂಚಿಸಲು ಉಮಾದೇವಿ ತೀರ್ಪನ್ನು ಬಳಸುವುದನ್ನು ಟೀಕಿಸಿತು. ನ್ಯಾಯ ಸಿಕ್ಕಿತು ನಿಜ. ಆದರೆ ಪೊರಕೆ ಹಿಡಿದು ಬದುಕುವವರು ಒಂದು ಲಿಖಿತ ಕಾರಣಕ್ಕಾಗಿ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಗಿ ಬಂದದ್ದು ನಾಚಿಕೆಯ ವಿಷಯ.

ಕೆಲಸ ಹೋದವನಿಗೆ ನಾವು ಬಲುಬೇಗ ಹೇಳುವ ಸಮಾಧಾನ ಒಂದೇ: "ಏನು ಮಾಡುವುದು, ನಿನ್ನ ಹಣೆಬರಹ." ಹಣೆಯ ಮೇಲೆ ಏನೂ ಬರೆದಿರುವುದಿಲ್ಲ. ಬರೆದಿರುವುದು ಟೆಂಡರಿನ ಷರತ್ತಿನಲ್ಲಿ, ಕರಾರಿನ ಸಾಲಿನಲ್ಲಿ, ಕಾಯ್ದೆಯ ಉಪಖಂಡದಲ್ಲಿ. ಮನುಷ್ಯರು ಬರೆದದ್ದನ್ನು ಮನುಷ್ಯರು ತಿದ್ದಬಹುದು. ಯಾವ ಪುಸ್ತಕದಲ್ಲಿ ಹೆಸರಿದೆ ಎಂಬುದರ ಮೇಲೆ ಮನುಷ್ಯನ ಬೆಲೆ ಕಟ್ಟುವುದು, ಯಾವ ಮನೆಯಲ್ಲಿ ಹುಟ್ಟಿದ ಎಂಬುದರ ಮೇಲೆ ಬೆಲೆ ಕಟ್ಟುತ್ತಿದ್ದ ಹಳೆಯ ಚಾಳಿಯ ಮುಂದುವರಿಕೆಯೇ.

ತಿದ್ದುಪಡಿ ಕಷ್ಟದ್ದೇನಲ್ಲ. ಸೇವಾವಧಿಯನ್ನು ಗುತ್ತಿಗೆದಾರನ ಹೆಸರಿನಿಂದಲ್ಲ, ದುಡಿದ ಜಾಗದಿಂದ ಎಣಿಸಲಿ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳಿತ್ತು. ಅದೇ ಹೊಣೆ ಪರಿಹಾರಕ್ಕೂ ಅನ್ವಯಿಸಲಿ. ಬೇಕೆಂದಾಗ ಆಳು, ಬೇಡವೆಂದಾಗ ಇಲ್ಲ ಎಂಬ ಅನುಕೂಲ ಮಾಲೀಕನಿಗೆ ಬೇಕಿದ್ದರೆ ಅದರ ಬೆಲೆಯನ್ನು ಅವನೇ ಕೊಡಲಿ, ಕಾರ್ಮಿಕನ ಮನೆಯ ಒಲೆಯಿಂದ ಕಸಿಯದಿರಲಿ.

ಖಾಯಂ ನೌಕರರಿಗೂ ಅವರ ಸಂಘಗಳಿಗೂ ಒಂದು ಮಾತು. ಮುಂದಿನ ಬೇಡಿಕೆ ಪಟ್ಟಿ ಬರೆಯುವಾಗ ಪಕ್ಕದಲ್ಲಿ ನಿಂತು ದುಡಿಯುವ ಗುತ್ತಿಗೆಯವರ ನೋಟಿಸಿನ ಹಕ್ಕನ್ನು ಮೊದಲ ಸಾಲಿನಲ್ಲಿ ಬರೆಯಿರಿ.