ಸೋರಿಕೆಯ ನೀತಿ

ನೀತಿಯ ಪ್ರಶ್ನೆಗಳು ದೊಡ್ಡ ಸಂದರ್ಭಗಳಲ್ಲಿ ಮಾತ್ರ ಏಳತಕ್ಕವು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಸತ್ಯಕ್ಕಾಗಿ ರಾಜ್ಯ ಬಿಟ್ಟುಕೊಡಬೇಕೆ, ಮಡದಿಯನ್ನು ಮಾರಬೇಕೆ, ಬಂಧುಗಳ ಮೇಲೆ ಬಾಣ ಹೂಡಬೇಕೆ—ನಮಗೆ ಥಟ್ಟನೆ ನೆನಪಾಗುವ ಉದಾಹರಣೆಗಳೆಲ್ಲ ಇಂಥವೇ. ನಮ್ಮಲ್ಲಿ ಬಹುಮಂದಿಗೆ ಬಿಟ್ಟುಕೊಡಲು ರಾಜ್ಯವಿಲ್ಲ. ಹೂಡಲು ಬಾಣವಂತೂ ಇಲ್ಲವೇ ಇಲ್ಲ. ಹಾಗೆಂದು ನಮಗೆ ಆ ಪರೀಕ್ಷೆಯಿಂದ ವಿನಾಯಿತಿ ದೊರೆತಿಲ್ಲ. ಹಳೆಯ ಮೋಟಾರ್ ಸೈಕಲ್ಲಿನ ಕೆಳಗೆ, ನೆಲದ ಮೇಲೆ ಬಿದ್ದ ರೂಪಾಯಿಯಗಲದ ಎಣ್ಣೆಯ ಕಲೆಯೂ ಒಂದು ಪ್ರಶ್ನೆ ಕೇಳುತ್ತದೆ. ಸೋರಿಕೆಯನ್ನು ನಿಲ್ಲಿಸುವುದೆಂದರೇನು? ಮುಚ್ಚುವುದೆ, ವಾಸಿಮಾಡುವುದೆ?

ಗದಗ-ಬೆಟಗೇರಿಯ ಗ್ಯಾರೇಜಿನವರಿಗೆ ಈ ಪ್ರಶ್ನೆ ಹೊಸದಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಡೆಯಿಂದ ಬರುವ ಹಳೆಯ ಬುಲೆಟ್ಟು, ಜಾವಾ, ಯೆಜ್ಡಿಗಳು ಅದನ್ನು ಹೊತ್ತುಕೊಂಡೇ ಬರುತ್ತವೆ. ಜಾವಾ ನಮ್ಮ ನಾಡಿನ ಕೂಸೇ. ಜೆಕೊಸ್ಲೊವಾಕಿಯದ ಮಾದರಿಯ ಮೇಲೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಅದನ್ನು 1961ರಿಂದ ತಯಾರಿಸತೊಡಗಿತು. 1970ರ ದಶಕದಲ್ಲಿ ಅದಕ್ಕೆ ಯೆಜ್ಡಿಯೆಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಜಾವಾ ಎಂಬ ಹೆಸರು 2018ರಲ್ಲಿ ಹೊಸ ಗಾಡಿಗಳ ಮೇಲೆ ಮರಳಿ ಬಂದಿತಾದರೂ ಹಳೆಯ ಗಾಡಿಗಳಿಗೆ ಅದರಿಂದ ತವರುಮನೆ ಸಿಕ್ಕಂತಾಗಲಿಲ್ಲ. ಅವುಗಳ ಯೋಗಕ್ಷೇಮ ಈಗ ಊರೂರಿನ ಮಿಸ್ತ್ರಿಗಳ ಕೈಯಲ್ಲಿದೆ.

ಸೋರಿಕೆಯ ಕಥೆ ತಿಳಿಯಬೇಕಾದರೆ ಮೊದಲು ಪ್ಯಾಕಿಂಗ್ ಎಂಬ ಅಲ್ಪವಸ್ತುವಿನ ಪರಿಚಯವಾಗಬೇಕು. ಪುಸ್ತಕದಲ್ಲಿ ಅದಕ್ಕೆ ಗ್ಯಾಸ್ಕೆಟ್ ಎಂದು ಹೆಸರು. ಎರಡು ಲೋಹದ ಮುಖಗಳನ್ನು ಎಷ್ಟೇ ನಯಮಾಡಿ ಕೂಡಿಸಿದರೂ ನಡುವೆ ಕಣ್ಣಿಗೆ ಕಾಣದ ತಗ್ಗುದಿಣ್ಣೆಗಳು ಉಳಿಯುತ್ತವೆ. ಕಾದ ಎಣ್ಣೆ ಅಂಥ ಸಂದಿಯನ್ನು ಹುಡುಕುವುದರಲ್ಲಿ ಬಹು ಚತುರ. ಆದುದರಿಂದ ಎರಡು ಮುಖಗಳ ನಡುವೆ ಒಂದು ಕಾಗದದ ಹಾಳೆಯನ್ನಿಟ್ಟು ಬಿಗಿಯುತ್ತಾರೆ. ಅದು ಇಬ್ಬರ ಒರಟುತನವನ್ನೂ ತನ್ನ ಮೈಮೇಲೆ ತೆಗೆದುಕೊಂಡು ಸುಮ್ಮನಿರುತ್ತದೆ. ಅಂಗಡಿಯಲ್ಲಿ ತಕ್ಕ ಅಳತೆಯದು ಸಿಗದಿದ್ದರೆ ಮಿಸ್ತ್ರಿಯು ಹಾಳೆಯನ್ನು ಮುಚ್ಚಳದ ಮೇಲೆ ಹಾಸಿ, ಅಂಚಿನಗುಂಟ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಾನೇ ಕತ್ತರಿಸಿಕೊಳ್ಳುತ್ತಾನೆ. ನೋಡಲು ಬಹು ಸೊಗಸಾದ ಕೆಲಸ; ಆದರೆ ನೋಡುವವರಿಲ್ಲ. ಮುಚ್ಚಳ ಕೂತಮೇಲೆ ಕತ್ತರಿಸಿದವನಿಗೂ ಅದು ಕಾಣದು.

ಇನ್ನು ಗಿರಾಕಿಯ ಮಾತು. "ಎಲ್ಲಾ ಬಿಚ್ಚಾಕ ಹೋಗಬ್ಯಾಡ ಮಿಸ್ತ್ರಿ, ಸೋರೂದೊಂದು ನಿಲ್ಲಿಸಿ ಕೊಡು." ಈ ಅಪ್ಪಣೆಯನ್ನು ನೆರವೇರಿಸಲು ಮೂರು ದಾರಿಗಳುಂಟು. ಸಂದಿಯ ಮೇಲೆ ಹೊರಗಿನಿಂದ ಎಂ-ಸೀಲನ್ನೋ ಸಿಲಿಕೋನ್ ಅಂಟನ್ನೋ ಮೆತ್ತುವುದು ಮೊದಲನೆಯದು. ಅರ್ಧ ಗಂಟೆಯ ಕೆಲಸ. ಮುಚ್ಚಳ ಬಿಚ್ಚಿ ಹೊಸ ಪ್ಯಾಕಿಂಗ್ ಹಾಕುವುದು ಎರಡನೆಯದು. ಹಳೆಯ ಪ್ಯಾಕಿಂಗ್ ಏಕೆ ಸೋತಿತೆಂದು ಹುಡುಕುವುದು ಮೂರನೆಯದು. ಗಿರಾಕಿ ಬಂದ ದಿನ ಮೂರರ ಫಲವೂ ಒಂದೇ: ನೆಲ ಒಣಗಿರುತ್ತದೆ. ನೀತಿಯ ತೊಡಕು ಇರುವುದು ಇಲ್ಲಿಯೇ. ಕಣ್ಣಿಗೆ ಒಂದೇ ಆಗಿ ಕಾಣುವ ಮೂರು ಕೆಲಸಗಳಲ್ಲಿ ಯಾವುದನ್ನು ಮಾಡಿದೆನೆಂಬುದು ಮಾಡಿದವನೊಬ್ಬನಿಗೇ ಗೊತ್ತು.

ಮೂರನೆಯ ದಾರಿ ಕಷ್ಟದ್ದು. ಹನಿ ಬೀಳುವ ಸ್ಥಳ ಬೇರೆ, ಎಣ್ಣೆ ಹೊರಡುವ ಸ್ಥಳ ಬೇರೆ. ಓಡುವ ಗಾಡಿಯ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ತನ್ನ ತೂಕದಿಂದ ಅದು ಕೆಳಕ್ಕಿಳಿಯುತ್ತದೆ. ಕೊನೆಗೆ ಎಲ್ಲಕ್ಕೂ ಕೆಳಗಿನ ಬೋಲ್ಟಿನ ತುದಿಯಲ್ಲಿ ಹನಿಯಾಗಿ ನಿಲ್ಲುತ್ತದೆ. ಪಾಪದ ಬೋಲ್ಟು ಅಪರಾಧಿಯಾಗುತ್ತದೆ. ಬಲ್ಲ ಮಿಸ್ತ್ರಿ ಎಂಜಿನ್ನನ್ನು ಸೀಮೆಎಣ್ಣೆಯಿಂದ ತೊಳೆದು, ಒರೆಸಿ ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ, ಗಾಡಿಯನ್ನು ಸ್ವಲ್ಪ ಹೊತ್ತು ಓಡಿಸುತ್ತಾನೆ. ಮೊದಲು ಎಲ್ಲಿ ಪುಡಿ ಕಪ್ಪಾಯಿತೋ ಅದೇ ಮೂಲ.

ಆ ಮೂಲವೂ ಎಷ್ಟೋ ಸಲ ಮೂಲವಾಗಿರುವುದಿಲ್ಲ. ಬುಲೆಟ್ಟಿನಲ್ಲಿ ಪಿಸ್ಟನ್ ಇಳಿದಾಗಲೆಲ್ಲ ಕೆಳಗಿನ ಕ್ರ್ಯಾಂಕ್ ಕೇಸಿನೊಳಗಿನ ಗಾಳಿ ಒತ್ತಲ್ಪಡುತ್ತದೆ. ಆ ಗಾಳಿ ಹೊರಹೋಗಲೆಂದು ಒಂದು ಉಸಿರುನಳಿಗೆಯುಂಟು. ಮಿಸ್ತ್ರಿಗಳು ಬ್ರೀದರ್ ಎನ್ನುವುದು ಇದನ್ನೇ. ಅದು ಜಿಡ್ಡು ಕಟ್ಟಿ ಮುಚ್ಚಿಕೊಂಡರೆ, ಇಲ್ಲವೆ ಪಿಸ್ಟನ್ ರಿಂಗು ಸವೆದು ಮೇಲಿನ ಅನಿಲ ಕೆಳಕ್ಕಿಳಿದರೆ, ಒಳಗಿನ ಒತ್ತಡ ಎಲ್ಲಿ ದುರ್ಬಲವೋ ಅಲ್ಲಿ ಎಣ್ಣೆಯನ್ನು ಹೊರಗೆ ನೂಕುತ್ತದೆ. ಪ್ಯಾಕಿಂಗ್ ಬದಲಾಯಿಸಿದರೆ ಮುಂದಿನ ತಿಂಗಳು ಇನ್ನೊಂದು ಕಡೆ ಸೋರುತ್ತದೆ. ತಪ್ಪು ಕಾಗದದ್ದಲ್ಲ, ಯಂತ್ರಕ್ಕೆ ಉಸಿರಾಡಲು ದಾರಿಯಿರಲಿಲ್ಲ. ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ನಾವು ಇದೇ ಅವಿವೇಕ ಮಾಡುವುದಿಲ್ಲವೆ? ಎಲ್ಲರ ಒತ್ತಡವೂ ಸೇರಿ ಯಾರೋ ಒಬ್ಬರ ಬಾಯಲ್ಲಿ ಹೊರಬಿದ್ದಾಗ, ಬಾಯಿಬಿಟ್ಟವರನ್ನೇ ತಪ್ಪಿತಸ್ಥರೆಂದು ಕೂರಿಸುತ್ತೇವೆ.

ಯೆಜ್ಡಿ ಕಲಿಸುವ ಪಾಠ ಇನ್ನೂ ಸೂಕ್ಷ್ಮವಾದುದು. ಅದರ ಗೇರುಪೆಟ್ಟಿಗೆಯ ಎಣ್ಣೆ ಎಂಜಿನ್ನಿನ ಪಕ್ಕದಲ್ಲಿಯೇ ಇರುತ್ತದೆ. ಎರಡರ ನಡುವಿನ ಕಾವಲುಗಾರ ಆಯಿಲ್ ಸೀಲು ಎಂಬ ರಬ್ಬರಿನ ಬಳೆ. ಎಡಗಡೆಯ ಮುಚ್ಚಳದ ಪ್ಯಾಕಿಂಗ್ ಹೋದರೆ, ಇಲ್ಲವೆ ಕಿಕ್ಕು ಹಾಯ್ದುಬರುವ ರಂಧ್ರ ಸವೆದರೆ ಎಣ್ಣೆ ನೆಲಕ್ಕೆ ಬೀಳುತ್ತದೆ, ಎಲ್ಲರಿಗೂ ಕಾಣುತ್ತದೆ. ಆದರೆ ಒಳಗಿನ ಸೀಲು ಸೋತರೆ ಹೊರಗೆ ಒಂದು ಹನಿಯೂ ಬೀಳದು. ಎಂಜಿನ್ ತಾನೇ ಎಣ್ಣೆಯನ್ನು ಹೀರಿ ಸುಟ್ಟುಬಿಡುತ್ತದೆ. ಸೈಲೆನ್ಸರಿನಿಂದ ಬಿಳಿಯ ಹೊಗೆ, ಕೆಳಗೆ ಚೊಕ್ಕ ನೆಲ, ಒಳಗೆ ಬರಿದಾಗುತ್ತಿರುವ ಪೆಟ್ಟಿಗೆ! ನೆಲದ ಕಲೆಯೊಂದನ್ನೇ ದೋಷವೆಂದು ತಿಳಿದವನು ಈ ಗಾಡಿಯನ್ನು ನಿರ್ದೋಷಿಯೆನ್ನುತ್ತಾನೆ. ಕಾಣುವ ಸೋರಿಕೆ ತನ್ನ ಕಷ್ಟವನ್ನು ಹೇಳಿಕೊಳ್ಳುತ್ತದೆ, ಅದು ಒಂದು ಬಗೆಯ ಪ್ರಾಮಾಣಿಕತೆಯೇ. ಹೊರಗಿನಿಂದ ಮೆತ್ತಿದ ಅಂಟು ಆ ಬಾಯನ್ನು ಮುಚ್ಚುತ್ತದೆ.

ಹಾಗಾದರೆ ಮೆತ್ತುವುದು ಪಾಪವೆ? ಅವಸರದಲ್ಲಿ ತೀರ್ಪು ಕೊಡುವುದು ಬೇಡ. ಮುಂಡರಗಿಯ ಎರೆಹೊಲಕ್ಕೆ ನಾಳೆ ಬೆಳಿಗ್ಗೆ ಹೋಗಲೇಬೇಕಾದ ರೈತನಿಗೆ, ತಿಂಗಳ ಕೊನೆಯಲ್ಲಿರುವ ಶಿರಹಟ್ಟಿಯ ಮಾಸ್ತರರಿಗೆ, ಎಂಜಿನ್ ಇಳಿಸಿ ಮೂರು ದಿನ ಗ್ಯಾರೇಜಿನಲ್ಲಿಡುವ ಅನುಕೂಲ ಇಲ್ಲದಿರಬಹುದು. ಮಿಸ್ತ್ರಿಯೂ ಹೊಟ್ಟೆಗಾಗಿ ದುಡಿಯುವವನೇ. ಅವನು ಹೀಗೆನ್ನಬಹುದು: "ಸದ್ಯ ಮ್ಯಾಲೆ ಹಚ್ಚಿ ಕೊಡ್ತೀನ್ರಿ ಸರ. ಆದ್ರ ಇದು ತಿಂಗಳೊಪ್ಪತ್ತಿನ ಮಾತು. ಒಳಗಿನ ರೋಗ ಹಂಗ ಐತಿ. ಎಣ್ಣಿ ನೋಡ್ಕೋತ ಇರ್ರಿ." ಇಷ್ಟು ಹೇಳಿದರೆ ಆ ಅಂಟು ಚಿಕಿತ್ಸೆ. ಇದೇ ಅಂಟನ್ನು ಇದೇ ಕೈ ಇದೇ ಸಂದಿಗೆ ಮೆತ್ತಿ, "ಎಲ್ಲಾ ರಿಪೇರಿ ಆತ್ರಿ" ಎಂದರೆ ಅದು ವಂಚನೆ. ವಸ್ತುವಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಎಲ್ಲ ವ್ಯತ್ಯಾಸವೂ ಆಡಿದ ಮಾತಿನಲ್ಲಿದೆ. ವೈದ್ಯನು ನೋವಿಗೆ ಗುಳಿಗೆ ಕೊಡುವುದು ತಪ್ಪಲ್ಲ. ಗುಳಿಗೆ ಕೊಟ್ಟು ರೋಗ ಹೋಯಿತೆನ್ನುವುದು ತಪ್ಪು.

ಈ ಮಾತು ಇಂದು ಹೆಚ್ಚು ಭಾರವುಳ್ಳದ್ದಾಗಿದೆ. ಒಂದು ಕಾಲಕ್ಕೆ ಗುಜರಿಯ ತೂಕಕ್ಕೆ ಹೋಗುತ್ತಿದ್ದ ಗಾಡಿಗಳು ಈಗ ಅಭಿಮಾನದ ವಸ್ತುಗಳಾಗಿವೆ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿಗಳ ಉತ್ಸವವೇ ನಡೆಯುತ್ತದೆ. ಬೆಲೆ ಬಂದಲ್ಲಿ ಬಣ್ಣವೂ ಬರುತ್ತದೆ. ಮಾರುವ ಮುನ್ನಾದಿನ ಎಂಜಿನ್ನನ್ನು ತೊಳೆದು, ಸಂದಿಗೆ ಅಂಟು ತುಂಬಿ, ಮೇಲೆ ಪಾಲಿಶ್ ಮಾಡಿಸಿದರೆ ಕೊಳ್ಳುವವನಿಗೆ ಕಾಣುವುದು ಥಳಕು ಮಾತ್ರ. ಒಳಗಿನ ಹುಳುಕು ಕಾಣುವುದು ಗದಗಿನಿಂದ ಲಕ್ಷ್ಮೇಶ್ವರದ ರಸ್ತೆಯ ಮೇಲೆ. ಸೋರಿದ ಎಣ್ಣೆ ಹಿಂದಿನ ಚಕ್ರದ ಟೈರಿಗೆ ಸಿಡಿದರೆ ತಿರುವಿನಲ್ಲಿ ಗಾಡಿ ಜಾರುತ್ತದೆ. ಜಾರುವಾಗ ಹಿಂದೆ ಕೂತ ಹೆಂಡತಿ ಮಕ್ಕಳು ಆ ವ್ಯಾಪಾರದಲ್ಲಿ ಸಹಿ ಹಾಕಿದವರಲ್ಲ.

"ಹಳೇ ಗಾಡಿ ಸೋರದಿದ್ದರೆ ಅದರಲ್ಲಿ ಎಣ್ಣೆಯೇ ಇಲ್ಲವೆಂದು ಅರ್ಥ" ಎಂಬ ವಿನೋದ ವಾಚಕರಿಗೆ ಗೊತ್ತೇ ಇರಬೇಕು. ಹಳೆಯ ಇಂಗ್ಲಿಷ್ ಮೋಟಾರ್ ಸೈಕಲ್ಲುಗಳ ಬಗ್ಗೆಯೂ ಇಂಥ ಹಾಸ್ಯ ಬಹಳ ಕಾಲ ನಡೆಯಿತು. ಅವುಗಳ ಕ್ರ್ಯಾಂಕ್ ಕೇಸು ಮೇಲಿನಿಂದ ಕೆಳಕ್ಕೆ ಸೀಳಿದ ಎರಡು ಹೋಳುಗಳದ್ದು. ಕೂಡಿಕೆಯ ಗೆರೆ ಎಣ್ಣೆ ನಿಲ್ಲುವ ತಳದವರೆಗೂ ಇಳಿಯುತ್ತಿತ್ತು. ಜಪಾನಿನ ಹೋಂಡಾದವರು 1969ರಲ್ಲಿ ಹೊರತಂದ ಸಿಬಿ 750 ಗಾಡಿಯಲ್ಲಿ ಕೇಸನ್ನು ಅಡ್ಡಲಾಗಿ ಸೀಳಿದ್ದರು. ಕೂಡಿಕೆ ಮೇಲಕ್ಕೆ ಹೋಯಿತು. ವಿಧಿಯೆಂದು ನಗುತ್ತ ಒಪ್ಪಿಕೊಂಡದ್ದರಲ್ಲಿ ಬಹುಭಾಗ ಬರಿಯ ರೂಢಿಯೆಂದು ತಿಳಿಯಿತು. ವಿನೋದ ಒಳ್ಳೆಯದೇ. ಆದರೆ ದೋಷಕ್ಕೆ ಕಾಯಂ ಕ್ಷಮೆ ದೊರಕಿಸುವ ವಿನೋದದ ವಿಷಯದಲ್ಲಿ ಎಚ್ಚರವಿರಬೇಕು.

ಅತಿಯಾದ ಉತ್ಸಾಹವೂ ಅಷ್ಟೇ ಅಪಾಯಕಾರಿ. ಸೋರಿಕೆಯ ಮೇಲಿನ ಸಿಟ್ಟನ್ನೆಲ್ಲ ಪಾನಾದ ಮೇಲೆ ಹಾಕಿ ಬಿಗಿದರೆ ಅಲ್ಯುಮಿನಿಯಂ ಮುಚ್ಚಳ ಸೊಟ್ಟಗಾಗುತ್ತದೆ, ಬೋಲ್ಟಿನ ಆಟೆ ಕಿತ್ತುಬರುತ್ತದೆ. ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಮುಚ್ಚಳ ಎಬ್ಬಿಸಿದರೆ ಬಿದ್ದ ಗೀರೇ ನಾಳಿನ ಕಾಲುವೆ. ಪ್ಯಾಕಿಂಗಿಗೆ ಅಂಟು ಸುರಿದರೆ ಹೊರಗೆ ಉಬ್ಬಿ ಬಂದಷ್ಟೇ ಒಳಗೂ ಉಬ್ಬಿರುತ್ತದೆ. ಅದರ ಚೂರು ಕಳಚಿ ಎಣ್ಣೆಯ ದಾರಿಗೆ ಅಡ್ಡ ಕೂತರೆ ಸೋರಿಕೆ ನಿಂತ ಎಂಜಿನ್ ತಾನೂ ನಿಲ್ಲುತ್ತದೆ. ಸಮನಾದ ಗಾಜಿನ ಮೇಲೆ ಎಮರಿ ಕಾಗದ ಹಾಸಿ ಮುಚ್ಚಳದ ಮುಖವನ್ನು ತೀಡಿ ನೇರಗೊಳಿಸುವುದು, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುವುದು—ನಿಜವಾದ ಉಪಾಯ ಇಷ್ಟೇ. ಬೇಕಾದದ್ದು ಬಲಕ್ಕಿಂತ ತಾಳ್ಮೆ.

ಈ ವಿದ್ಯೆ ನಮ್ಮ ಸೀಮೆಗೆ ಪರಕೀಯವಲ್ಲ. ಗದಗಿನ ತ್ರಿಕೂಟೇಶ್ವರ, ಲಕ್ಷ್ಮೇಶ್ವರದ ಸೋಮೇಶ್ವರ, ಹತ್ತಿರದ ಲಕ್ಕುಂಡಿಯ ಗುಡಿಗಳನ್ನು ಚಾಲುಕ್ಯರ ಕಾಲದ ಶಿಲ್ಪಿಗಳು ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂಡಿಸಿ ಕಟ್ಟಿದರು. ನಡುವೆ ಅಂಟಿಲ್ಲದಾಗ ಕೂಡುವ ಮುಖ ಸುಳ್ಳಾಡುವಂತಿಲ್ಲ. ಕಂಬದ ಮೇಲಿನ ಕುಸುರಿಯನ್ನು ನಾವು ನೋಡಿ ಹೊಗಳುತ್ತೇವೆ. ಆದರೆ ಗುಡಿಯನ್ನು ಇಷ್ಟು ಶತಮಾನ ನಿಲ್ಲಿಸಿರುವುದು ಯಾರೂ ನೋಡಲಾರದ, ಕಲ್ಲು ಕಲ್ಲಿಗೆ ತಾಗಿದ ಆ ಮುಖಗಳು. ಶರಣರು ಕಾಯಕವೆಂದು ಕರೆದುದರ ಪರೀಕ್ಷೆಯೂ ಇಂಥ ಮರೆಯಲ್ಲಿಯೇ ಆಗತಕ್ಕದ್ದು.

ಆದರೆ ಮರೆಯ ಕೆಲಸದ ಹೊಣೆಯನ್ನೆಲ್ಲ ಮಿಸ್ತ್ರಿಯ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ನೆಲ ಒಣಗಿದ್ದಕ್ಕೆ ಮಾತ್ರ ಹಣ ಕೊಡುವವರು ನಾವು. ಕಾರಣ ಹುಡುಕಲು ಅರ್ಧ ದಿನ ಕಳೆದೆನೆಂದರೆ, "ಬರೇ ನೋಡಿದ್ದಕ್ಕೂ ರೊಕ್ಕ ಏನು?" ಎಂದು ಹುಬ್ಬೇರಿಸುವವರೂ ನಾವೇ. ನಿಜ ಹೇಳಿದವನ ಬಿಲ್ಲಿಗೆ ಚೌಕಾಸಿ, ಮೆತ್ತಿ ಕೊಟ್ಟವನ ಕೈಗುಣಕ್ಕೆ ಪ್ರಶಂಸೆ—ಇದು ನಡೆದಿರುವವರೆಗೆ ಗ್ಯಾರೇಜಿನಲ್ಲಿ ಸತ್ಯ ತುಟ್ಟಿಯಾಗಿಯೇ ಇರುತ್ತದೆ. ಗಾಡಿ ತೆಗೆದುಕೊಳ್ಳಲು ಹೋದಾಗ "ನಿಂತಿತೆ?" ಎಂದು ಕೇಳುವುದು ಎಲ್ಲರಿಗೂ ಬರುತ್ತದೆ. "ಏಕೆ ಸೋರುತ್ತಿತ್ತು?" ಎಂದೂ ಕೇಳಿ, ಉತ್ತರವನ್ನು ನಿಂತು ಆಲಿಸಿ, ಆ ಉತ್ತರಕ್ಕೂ ಸೇರಿಸಿ ಹಣ ಕೊಟ್ಟರೆ ಮಿಸ್ತ್ರಿಯ ಪ್ರಾಮಾಣಿಕತೆಗೆ ಅರ್ಧ ಜಾಮೀನು ನಾವೇ ನಿಂತಂತಾಗುವುದು.