ಭರವಸೆ ಭವಿಷ್ಯವಾಣಿಯಲ್ಲ

ಕೋವಿಡ್ ಲಾಕ್‌ಡೌನ್‌ನ ನಡುವೆ, 2020ರ ಏಪ್ರಿಲ್ 12ರ ಈಸ್ಟರ್ ಭಾನುವಾರ, ಮಂಗಳೂರು, ಬೆಂಗಳೂರು, ಬಳ್ಳಾರಿಯ ಚರ್ಚುಗಳು ಭಕ್ತರಿಗೆ ತೆರೆಯಲಿಲ್ಲ. ಅಂದಿನಿಂದ ಎರಡು ಮಾತುಗಳು ಚಲಾವಣೆಯಲ್ಲಿವೆ. ನಿಜವಾದ ನಂಬಿಕೆ ಇದ್ದಿದ್ದರೆ ಬಾಗಿಲು ಹಾಕುತ್ತಿದ್ದರೇ ಎನ್ನುವುದು ಕೆಲವು ಭಕ್ತರ ಮಾತು. ಅಷ್ಟೆಲ್ಲ ಪ್ರಾರ್ಥಿಸಿದವರಿಗೂ ರೋಗ ಬಂತು, ಸಾವೂ ಬಂತು, ಇನ್ನು ಆ ಭರವಸೆಗೆ ಏನರ್ಥ ಎನ್ನುವುದು ವಿಚಾರವಂತರೆನಿಸಿಕೊಂಡವರ ಮಾತು. ಒಬ್ಬರಿಗೊಬ್ಬರು ಆಗದ ಈ ಎರಡು ಗುಂಪುಗಳೂ ಒಂದೇ ಕಡೆ ಎಡವಿವೆ. ಭರವಸೆಯೆಂದರೆ ಮುಂದೆ ಹೀಗೇ ಆಗುತ್ತದೆಂಬ ಲೆಕ್ಕಾಚಾರ ಎಂದು ಇಬ್ಬರೂ ತಿಳಿದಿದ್ದಾರೆ. ಆ ಲೆಕ್ಕ ಸರಿ ಎನ್ನುತ್ತಾರೆ ಒಬ್ಬರು, ತಪ್ಪೆನ್ನುತ್ತಾರೆ ಇನ್ನೊಬ್ಬರು.

ಎಲ್ಲ ಒಳ್ಳೆಯದೇ ಆಗುತ್ತದೆಂದು ಎಣಿಸುವುದನ್ನು ಆಶಾವಾದ ಎನ್ನೋಣ. ಸೋಂಕಿನ ಸಂಖ್ಯೆ ಇಳಿದಂತೆ ಅದು ಏರುತ್ತದೆ, ಸಂಖ್ಯೆ ಏರಿದಂತೆ ಕುಸಿಯುತ್ತದೆ. ಭರವಸೆಯ ಸ್ವಭಾವ ಬೇರೆ. ನಾವು ಭರವಸೆಯಿಡುವ ವಸ್ತುವಿಗೆ ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ನಾಲ್ಕು ಲಕ್ಷಣ ಹೇಳಿದ: ಅದು ಒಳ್ಳೆಯದಾಗಿರಬೇಕು, ಇನ್ನೂ ಕೈಗೆ ಬಂದಿರಬಾರದು, ಕಷ್ಟಸಾಧ್ಯವಾಗಿರಬೇಕು, ಆದರೆ ಅಸಾಧ್ಯವಾಗಿರಬಾರದು. ನಾವು ಮರೆಯುವುದು ಮೂರನೆಯದನ್ನು. ಸುಲಭವಾಗಿ ಸಿಗುವುದಕ್ಕೆ ಭರವಸೆ ಬೇಕಿಲ್ಲ, ಕಾದರೆ ಸಾಕು. ಭರವಸೆಗೆ ವಿರುದ್ಧವಾದ ಪಾಪಗಳು ಎರಡು ಎಂದೂ ಅವನು ಹೇಳಿದ. ಹತಾಶೆ ಒಂದು, ದೇವರು ಹೇಗೂ ಕಾಪಾಡುತ್ತಾನೆ, ನಾನು ಏನು ಮಾಡಿದರೂ ನಡೆಯುತ್ತದೆ ಎಂಬ ಉದ್ಧಟತನ ಇನ್ನೊಂದು. ಈ ಎರಡನೆಯದು ಭಕ್ತಿಯ ವೇಷ ತೊಟ್ಟು ಬರುವುದರಿಂದ ಅದನ್ನು ಗುರುತಿಸುವವರು ಕಡಿಮೆ. ಮಹಾಮಾರಿಯ ದಿನಗಳಲ್ಲಿ 91ನೇ ಕೀರ್ತನೆಯನ್ನು ರಕ್ಷಾಕವಚದಂತೆ ಹಂಚಿದವರು ಮತ್ತಾಯನ ಸುವಾರ್ತೆಯನ್ನು ನೆನೆಯಬೇಕಿತ್ತು. ದೇವಾಲಯದ ತುದಿಯಿಂದ ಧುಮುಕು ಎಂದು ಯೇಸುವನ್ನು ಪುಸಲಾಯಿಸುವಾಗ ಸೈತಾನನು ಆಧಾರ ಕೊಡುವುದು ಅದೇ ಕೀರ್ತನೆಯಿಂದ. ಯೇಸು ಧುಮುಕಲಿಲ್ಲ. 1527ರಲ್ಲಿ ವಿಟೆನ್‌ಬರ್ಗ್‌ಗೆ ಪ್ಲೇಗ್ ಬಂದಾಗ ಊರು ಬಿಡದೆ ರೋಗಿಗಳ ಜೊತೆಗೆ ನಿಂತ ಮಾರ್ಟಿನ್ ಲೂಥರ್ ಕೂಡ, ಔಷಧವನ್ನು ತಿರಸ್ಕರಿಸಿ ಸೋಂಕಿನ ನಡುವೆ ಬೇಕೆಂದೇ ಓಡಾಡುವವರು ದೇವರನ್ನು ಪರೀಕ್ಷಿಸುತ್ತಿದ್ದಾರೆ ಎಂದೇ ಬರೆದ.

ಈ ವಿವೇಕ ಒಂದು ಇಡೀ ಸಭೆಯ ನಡತೆಯಾದದ್ದನ್ನು ನೋಡಬೇಕಾದರೆ ಇಂಗ್ಲೆಂಡಿನ ಡರ್ಬಿಶೈರ್‌ನ ಈಮ್ ಹಳ್ಳಿಗೆ ಹೋಗಬೇಕು. 1665ರಲ್ಲಿ ಲಂಡನ್ನಿನಿಂದ ದರ್ಜಿಯ ಮನೆಗೆ ಬಂದ ಬಟ್ಟೆಯ ಜೊತೆ ಪ್ಲೇಗ್ ಆ ಊರಿಗೆ ಬಂತೆಂದು ಹೇಳುತ್ತಾರೆ. ಮರುವರ್ಷದ ಜೂನ್ ಹೊತ್ತಿಗೆ ಅದು ಉಲ್ಬಣಿಸಿತು. ಊರಿನ ಪಾದ್ರಿ ವಿಲಿಯಂ ಮಾಂಪೆಸನ್. ಅವನಿಗಿಂತ ಮುಂಚೆ ಅಲ್ಲಿ ಪಾದ್ರಿಯಾಗಿದ್ದು, ರಾಜನ ಆಳ್ವಿಕೆ ಮರಳಿದ ಮೇಲೆ ಹುದ್ದೆ ಕಳೆದುಕೊಂಡವನು ಥಾಮಸ್ ಸ್ಟ್ಯಾನ್ಲಿ. ಬೇರೆ ಬೇರೆ ಬಣಗಳ ಈ ಇಬ್ಬರು ಒಂದಾಗಿ ಜನರನ್ನು ಒಪ್ಪಿಸಿದರು. ಯಾರೂ ಊರ ಗಡಿ ದಾಟುವುದಿಲ್ಲ. ಚರ್ಚಿಗೆ ಬೀಗ, ಆರಾಧನೆ ಕಕ್ಲೆಟ್ ಡೆಲ್ಫ್ ಎಂಬ ತೆರೆದ ಕಣಿವೆಯಲ್ಲಿ. ಸತ್ತವರನ್ನು ಅವರವರ ಮನೆಯವರೇ ಹೂಳಬೇಕು. ಹತ್ತಿರದ ಚಾಟ್ಸ್‌ವರ್ತ್‌ನಲ್ಲಿದ್ದ ಡೆವನ್‌ಶೈರ್‌ನ ಅರ್ಲ್ ಆಹಾರ ಕಳಿಸಿದ. ಹೊರಗಿನವರಿಗೆ ಕೊಡುವ ನಾಣ್ಯಗಳನ್ನು ಗಡಿಕಲ್ಲಿನ ಕುಳಿಗಳಲ್ಲಿ ವಿನಿಗರ್ ತುಂಬಿ ಅದರಲ್ಲಿ ಇಡುತ್ತಿದ್ದರು. ಆಗಸ್ಟ್‌ನಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಎಂಬಾಕೆ ಎಂಟೇ ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಮಣ್ಣು ಮಾಡಿದಳು. ಅದೇ ತಿಂಗಳು ಮಾಂಪೆಸನ್‌ನ ಹೆಂಡತಿ ಕ್ಯಾಥರೀನ್ ತೀರಿಕೊಂಡಳು. ಒಟ್ಟು ಸುಮಾರು 260 ಜನ ಸತ್ತರು. ಆಶಾವಾದ ನಿಲ್ಲಲು ಅಲ್ಲಿ ನೆಲವೇ ಇರಲಿಲ್ಲ. ಆದರೂ ಆರಾಧನೆ ನಿಲ್ಲಲಿಲ್ಲ, ಗಡಿಯ ಮಾತು ಮುರಿದುಬೀಳಲಿಲ್ಲ. ತಾವು ಕಾಣಲಾರದೆ ಹೋಗಬಹುದಾದ ಒಳಿತಿಗಾಗಿ, ಪಕ್ಕದ ಊರುಗಳ ಬದುಕಿಗಾಗಿ, ಅವರು ಕಷ್ಟವನ್ನು ಒಪ್ಪಿಕೊಂಡರು. ಅಲ್ಲಿ ಬಾಗಿಲು ಮುಚ್ಚಿದ್ದೇ ಭರವಸೆಯ ಕೆಲಸವಾಗಿತ್ತು.

ಅದೇ ವರ್ಷಗಳಲ್ಲಿ ಹಾಲೆಂಡಿನ ವೂರ್‌ಬರ್ಗ್‌ನಲ್ಲಿ ಸ್ಪಿನೋಜಾ ತನ್ನ ‘ಎಥಿಕ್ಸ್’ ಬರೆಯುತ್ತಿದ್ದ. ಫಲ ಏನಾದೀತೋ ಎಂಬ ಸಂದೇಹದಿಂದ ಹುಟ್ಟುವ ಅಸ್ಥಿರ ಸಂತೋಷವೇ ಭರವಸೆ, ಅದರ ಬೆನ್ನಿಗೆ ಭಯ ಇದ್ದೇ ಇರುತ್ತದೆ, ಅರಿವು ಹೆಚ್ಚಿದಂತೆ ಅದನ್ನು ನೆಚ್ಚುವುದು ಕಡಿಮೆಯಾಗಬೇಕು ಎಂಬುದು ಅವನ ನಿಲುವು. ಇದನ್ನು ನಾನು ಒಪ್ಪಲಾರೆ. ಅವನು ವರ್ಣಿಸಿದ್ದು ಆಶಾವಾದಿಯ ಚಿತ್ರ. ಆಗಸ್ಟ್ ಹೊತ್ತಿಗೆ ಈಮ್‌ನವರಿಗೆ ಏನು ಕಾದಿದೆಯೆಂಬ ಬಗ್ಗೆ ಹೆಚ್ಚು ಸಂದೇಹ ಉಳಿದಿರಲಿಲ್ಲ. ಸಂದೇಹ ಕರಗಿದರೂ ಭರವಸೆ ಕರಗಲಿಲ್ಲ. ಸ್ಪಿನೋಜಾನ ಮನುಷ್ಯ ಒಂಟಿಯಾಗಿ ಕುಳಿತು ಫಲವನ್ನು ತೂಗುತ್ತಾನೆ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಫ್ರೆಂಚ್ ಚಿಂತಕ ಗೇಬ್ರಿಯಲ್ ಮಾರ್ಸೆಲ್ ಇದಕ್ಕೆ ಉತ್ತರವಾಗಬಲ್ಲ ಮಾತು ಹೇಳಿದ: ಭರವಸೆಯಿಡುವುದು ಒಬ್ಬರಲ್ಲಿ, ಅದೂ ನಮ್ಮೆಲ್ಲರಿಗಾಗಿ. ಸಭೆ ಎಂಬುದೊಂದು ಬೇಕಾಗುವುದು ಇಲ್ಲಿಯೇ. ಪ್ರಾರ್ಥಿಸಲು ಬಾಯಿ ಬಾರದಷ್ಟು ಸೋತವರ ಪರವಾಗಿ ಉಳಿದವರು ಪ್ರಾರ್ಥಿಸುತ್ತಾರೆ.

ಹಾಗಾದರೆ ಪುನರುತ್ಥಾನದ ಮಾತೇನು, ಅದು ಭವಿಷ್ಯವಾಣಿಯಲ್ಲವೇ ಎಂದು ಕೇಳಬಹುದು. ಅದು ಕಡೆಯ ದಿನದ ಕುರಿತ ವಾಗ್ದಾನ, ಬರುವ ವಾರದ ಸೋಂಕಿನಿಂದ ವಿನಾಯಿತಿಯಲ್ಲ. ಕ್ರಿ.ಶ. 50ರ ಆಸುಪಾಸಿನಲ್ಲಿ ಥೆಸಲೋನಿಕದ ಸಭೆ ತನ್ನವರು ಸತ್ತದ್ದಕ್ಕೆ ಕಂಗೆಟ್ಟಿತ್ತು. ಇನ್ನು ನೀವು ಯಾರೂ ಸಾಯುವುದಿಲ್ಲ ಎಂದು ಪೌಲನು ಅವರಿಗೆ ಬರೆಯಲಿಲ್ಲ, ಅಳಬೇಡಿ ಎಂದೂ ಬರೆಯಲಿಲ್ಲ. ಭರವಸೆ ಇಲ್ಲದವರ ಹಾಗೆ ಅಳಬೇಡಿ ಎಂದಷ್ಟೇ ಕೇಳಿಕೊಂಡ. ಈಮ್ ಕಥೆಗೆ ಮುಂದಿನ ತಲೆಮಾರುಗಳು ಮೆರುಗು ಹಚ್ಚಿವೆ, ಮಾಂಪೆಸನ್ ತನ್ನ ಮಕ್ಕಳನ್ನು ಮೊದಲೇ ಹೊರಗೆ ಕಳಿಸಿದ್ದ, ಊರೊಳಗೆ ಉಳಿದದ್ದರಿಂದಲೇ ಕೆಲವರು ಸತ್ತಿರಬಹುದು ಎಂಬ ಆಕ್ಷೇಪಗಳೂ ಇವೆ. ಎಲ್ಲವನ್ನೂ ಒಪ್ಪುತ್ತೇನೆ. ತನ್ನ ಮಕ್ಕಳು ಬದುಕಲಿ ಎಂದು ಬಯಸಿದವನು ಮನುಷ್ಯ. ಆಮೇಲೂ ಅವನು ಊರಲ್ಲೇ ಉಳಿದ.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಬೇರೆ ಇದೆ. ಮುಚ್ಚಿದ ಬಾಗಿಲು ನಿಜವಾಗಿ ನೋಯಿಸಿತು. ಪರಮಪ್ರಸಾದವಿಲ್ಲದೆ ತಿಂಗಳುಗಳು ಕಳೆದವು, ಅಂತ್ಯಕ್ರಿಯೆಗೆ 20 ಜನ ಮೀರುವಂತಿರಲಿಲ್ಲ, ಕೈ ಹಿಡಿದು ಸಾಂತ್ವನ ಹೇಳುವಂತಿರಲಿಲ್ಲ. ಮೊಬೈಲಿನಲ್ಲಿ ಆರಾಧನೆ ಬರುತ್ತಿತ್ತಲ್ಲ, ಇನ್ನೇನು ಬೇಕು ಎಂದವರಿಗೆ ಒಂದೇ ರೊಟ್ಟಿಯಲ್ಲಿ ಪಾಲು ಪಡೆಯುವ ಜನ ಯಾರೆಂದು ತಿಳಿದಿಲ್ಲ. ಆ ನೋವನ್ನು ಅಲ್ಲಗಳೆದರೆ ಅಕ್ವಿನಾಸ್‌ನ ಮೂರನೆಯ ಲಕ್ಷಣವನ್ನೇ ಅಳಿಸಿದಂತಾಗುತ್ತದೆ. ಪ್ರಿಯವಾದದ್ದನ್ನು ನೆರೆಯವರ ಪ್ರಾಣಕ್ಕಾಗಿ ಬಿಟ್ಟುಕೊಟ್ಟ ಸಭೆಗೆ ನಂಬಿಕೆ ಸಾಲದು ಎನ್ನುವವರು, ಅದು ಏನನ್ನು ಬಿಟ್ಟುಕೊಟ್ಟಿತೆಂಬುದನ್ನು ಮೊದಲು ಕೇಳಿ ತಿಳಿಯಲಿ.